ಎಂಆರ್‌ಐ ನಾರ್ಮಲ್ ಬಂದರೂ ಕಾಯಿಲೆ ಹೇಗೆ? ಸ್ಕಿಜೋಫ್ರೀನಿಯಾ ಮತ್ತು ಮಿದುಳಿನ ಕೆಲಸ

ಫೈಲು ಹಿಡಿದುಕೊಂಡು ಬರುವ ಮನೆಯವರು ಮೊದಲು ಹೊರಗೆ ತೆಗೆಯುವುದು ಎಂಆರ್‌ಐ ರಿಪೋರ್ಟನ್ನು. ಏಳೆಂಟು ಸಾವಿರ ಖರ್ಚು ಮಾಡಿ ತೆಗೆಸಿರುತ್ತಾರೆ. ಅದರಲ್ಲಿ ‘ನಾರ್ಮಲ್’ ಎಂದು ಬರೆದಿರುತ್ತದೆ. ‘ಮಿದುಳಿನಲ್ಲಿ ಏನೂ ಇಲ್ಲ ಅಂದ ಮೇಲೆ ಇದು ಬೇರೇನೋ ಇರಬೇಕು’ ಎಂಬ ಅನುಮಾನ ಶುರುವಾಗುವುದು ಅಲ್ಲಿಂದಲೇ. ಒಬ್ಬರು ಗಾಳಿ ಸೋಕಿದೆ ಎನ್ನುತ್ತಾರೆ, ಇನ್ನೊಬ್ಬರು ಹುಡುಗ ಬೇಕಂತಲೇ ಮಾಡುತ್ತಿದ್ದಾನೆ ಎನ್ನುತ್ತಾರೆ. ಹಾಗಾಗಿ ನಾವೂ ಆ ರಿಪೋರ್ಟಿನಿಂದಲೇ ಆರಂಭಿಸೋಣ.

ಊರಿನ ನಕ್ಷೆ ತೆಗೆದು ನೋಡಿದರೆ ರಸ್ತೆಗಳು ಕಾಣುತ್ತವೆ. ಈಗ ಯಾವ ರಸ್ತೆಯಲ್ಲಿ ಗಾಡಿಗಳು ನಿಂತುಹೋಗಿವೆ, ಯಾವ ಸಿಗ್ನಲ್ ಕೆಟ್ಟಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಆಸ್ಪತ್ರೆಯ ಎಂಆರ್‌ಐ ತೋರಿಸುವುದು ನಕ್ಷೆಯನ್ನು. ಸ್ಕಿಜೋಫ್ರೀನಿಯಾ ಮುಖ್ಯವಾಗಿ ಸಂಚಾರದ ತೊಂದರೆ. ರಚನೆಯಲ್ಲಿ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1976ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಕ್ ಪಾರ್ಕ್‌ನಲ್ಲಿ ಈವ್ ಜಾನ್‌ಸ್ಟನ್ ಮತ್ತು ಅವರ ಸಂಗಡಿಗರು ಸಿಟಿ ಸ್ಕ್ಯಾನ್ ಮಾಡಿ, ಈ ಕಾಯಿಲೆಯವರ ಮಿದುಳಿನೊಳಗೆ ನೀರು ತುಂಬಿರುವ ಕೋಣೆಗಳು ಸ್ವಲ್ಪ ಹಿಗ್ಗಿರುತ್ತವೆ ಎಂದು ತೋರಿಸಿದರು. ಆಮೇಲೆ ಎಷ್ಟೋ ಕಡೆ ಅದೇ ಕಂಡಿತು. ಆದರೆ ಅದು ಗುಂಪಿನ ಸರಾಸರಿ. ಆರೋಗ್ಯವಂತರಲ್ಲೂ ಅಷ್ಟೇ ಹಿಗ್ಗಿದ ಕೋಣೆಗಳಿರುವವರು ಸಿಗುತ್ತಾರೆ, ಕಾಯಿಲೆಯವರಲ್ಲೂ ಇಲ್ಲದವರು ಸಿಗುತ್ತಾರೆ. ಒಬ್ಬರ ಸ್ಕ್ಯಾನ್ ಹಿಡಿದು ಕಾಯಿಲೆ ಇದೆ, ಇಲ್ಲ ಎಂದು ಹೇಳಲು ಬರುವುದಿಲ್ಲ. ಹಾಗಿದ್ದರೆ ಡಾಕ್ಟರು ಸ್ಕ್ಯಾನ್ ಏಕೆ ಬರೆಯುತ್ತಾರೆ? ಗೆಡ್ಡೆ, ಪಾರ್ಶ್ವವಾಯು, ಮಿದುಳಿನ ಉರಿಯೂತದಂಥ ಬೇರೆ ಕಾರಣಗಳಿಲ್ಲ ಎಂದು ಖಚಿತ ಮಾಡಿಕೊಳ್ಳಲು. ‘ನಾರ್ಮಲ್’ ಎಂದರೆ ಅವು ಇಲ್ಲ ಎಂದಷ್ಟೇ ಅರ್ಥ.

ಹೆಸರಿನ ಬಗ್ಗೆ ಒಂದು ಮಾತು. 1908ರಲ್ಲಿ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ ಈ ಹೆಸರಿಟ್ಟರು. ಗ್ರೀಕ್ ಭಾಷೆಯ ‘ಸೀಳು’ ಮತ್ತು ‘ಮನಸ್ಸು’ ಎಂಬ ಪದಗಳು ಸೇರಿ ಆದದ್ದು. ಒಬ್ಬರೊಳಗೆ ಇಬ್ಬರು ಮನುಷ್ಯರಿರುತ್ತಾರೆ ಎಂದು ಅದಕ್ಕೆ ಅರ್ಥವಿಲ್ಲ. ಯೋಚನೆ, ಭಾವನೆ, ನಡವಳಿಕೆ ಒಂದಕ್ಕೊಂದು ಹೊಂದಿಕೊಂಡು ಸಾಗುವುದು ತಪ್ಪುತ್ತದೆ ಎಂಬುದು ಬ್ಲಾಯ್ಲರ್ ಅವರ ಮಾತಿನ ತಿರುಳು. ಕನ್ನಡದಲ್ಲಿ ಚಿತ್ತವಿಕಲತೆ ಎನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸುಮಾರು 300 ಜನರಲ್ಲಿ ಒಬ್ಬರಿಗೆ ಇದಿದೆ. ಅಂದರೆ ಮೂರು ಸಾವಿರ ಜನರ ಊರಿನಲ್ಲಿ ಹತ್ತು ಮಂದಿ.

ಲಕ್ಷಣಗಳನ್ನು ಮೂರು ಗಂಟು ಕಟ್ಟಿ ನೋಡುವುದು ವಾಡಿಕೆ. ಇಲ್ಲದ್ದು ಬಂದು ಸೇರಿಕೊಳ್ಳುವುದು ಒಂದು: ಕಿವಿಯಲ್ಲಿ ಮಾತು ಕೇಳಿಸುವುದು, ಅಲ್ಲಾಡಿಸಲಾಗದ ಸುಳ್ಳು ನಂಬಿಕೆಗಳು. ಇವನ್ನು ಡಾಕ್ಟರುಗಳು ‘ಪಾಸಿಟಿವ್’ ಎನ್ನುತ್ತಾರೆ. ಒಳ್ಳೆಯದು ಎಂದಲ್ಲ, ಹೆಚ್ಚಾಗಿ ಸೇರಿಕೊಂಡದ್ದು ಎಂದು. ಇದ್ದದ್ದು ಹೋಗುವುದು ಎರಡನೆಯದು: ಉತ್ಸಾಹ, ಮಾತು, ಮುಖದ ಭಾವ, ಜನರ ಒಡನಾಟ. ಇದು ‘ನೆಗೆಟಿವ್’. ಮೂರನೆಯದು ಯೋಚನಾಶಕ್ತಿಯ ಕುಂದು: ಗಮನ, ನೆನಪು, ಕೆಲಸವನ್ನು ಹಂತಹಂತವಾಗಿ ಜೋಡಿಸಿಕೊಳ್ಳುವುದು. ಈ ಮೂರೂ ಮಿದುಳಿನ ಒಂದೇ ಕಡೆಯ ತೊಂದರೆಯಿಂದ ಬರುವುದಿಲ್ಲ. ಮಾತ್ರೆ ಯಾವುದನ್ನು ಸರಿ ಮಾಡುತ್ತದೆ, ಯಾವುದನ್ನು ಮಾಡುವುದಿಲ್ಲ ಎಂಬುದು ಇದರ ಮೇಲೇ ನಿಂತಿದೆ. ದಯವಿಟ್ಟು ಇದೊಂದನ್ನು ನೆನಪಿನಲ್ಲಿಟ್ಟುಕೊಂಡು ಕೇಳಿ.

ಮೊದಲು ಕಿವಿಯ ಮಾತು. ಕುಳಿತಲ್ಲೇ ಒಂದು ಸಣ್ಣ ಪ್ರಯೋಗ ಮಾಡಿ. ತಲೆ ಅಲ್ಲಾಡಿಸದೆ ಕಣ್ಣನ್ನು ಎಡದಿಂದ ಬಲಕ್ಕೆ ಹೊರಳಿಸಿ. ಈ ಸಭಾಂಗಣ ಅಲುಗಿತೇ? ಇಲ್ಲ. ಈಗ ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಹೊರಮೂಲೆಯನ್ನು ರೆಪ್ಪೆಯ ಮೇಲಿನಿಂದ ಬೆರಳಿನಲ್ಲಿ ಮೆಲ್ಲಗೆ, ತೀರಾ ಮೆಲ್ಲಗೆ ಒತ್ತಿ. ಗೋಡೆ ಜರುಗಿದ ಹಾಗೆ ಕಾಣುತ್ತದೆ, ಅಲ್ಲವೇ? ಎರಡು ಸಲವೂ ಅಲುಗಿದ್ದು ನಿಮ್ಮ ಕಣ್ಣೇ. ಆದರೆ ಮೊದಲನೆಯ ಸಲ, ಕಣ್ಣಿನ ಸ್ನಾಯುವಿಗೆ ‘ಹೊರಳು’ ಎಂದು ಅಪ್ಪಣೆ ಕೊಟ್ಟ ಮಿದುಳು ಅದರ ಒಂದು ನಕಲನ್ನು ನೋಟದ ಭಾಗಕ್ಕೂ ಕಳಿಸಿತು. ‘ಈಗ ಬರುವ ಅಲುಗಾಟ ನಮ್ಮದೇ, ಲೆಕ್ಕಕ್ಕೆ ತೆಗೆದುಕೊಳ್ಳಬೇಡ’ ಎಂದು ಹೇಳಿದ ಹಾಗೆ. ಬೆರಳು ಒತ್ತಿದಾಗ ಅಂಥ ನಕಲು ಹೋಗಲಿಲ್ಲ. ಅದಕ್ಕೇ ಲೋಕವೇ ಜರುಗಿದಂತೆ ಕಂಡಿತು.

ಈ ನಕಲಿನ ವ್ಯವಸ್ಥೆ ಹುಳಗಳಲ್ಲೂ ಇದೆ. ಮಳೆಗಾಲದ ರಾತ್ರಿ ಗೋಡೆ ಸಂದಿಯಿಂದ ಚಿರ್ ಚಿರ್ ಎನ್ನುವ ಹುಳ ತನ್ನ ಸದ್ದಿಗೆ ತಾನೇ ಕಿವುಡಾಗುವುದಿಲ್ಲವೇಕೆ? 2006ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಈ ಜಾತಿಯ ಹುಳದಲ್ಲಿ, ರೆಕ್ಕೆ ಉಜ್ಜಿದಾಗಲೆಲ್ಲ ಕೇಳುವ ನರಗಳನ್ನು ಕ್ಷಣಕಾಲ ತಗ್ಗಿಸುವ ಒಂದೇ ಒಂದು ನರಕೋಶವನ್ನು ಗುರುತಿಸಿದರು. ಹೊರಗಿನ ಸದ್ದು ಬಂದರೆ ಅದಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ.

ನಾವೂ ಇಡೀ ದಿನ ಮನಸ್ಸಿನೊಳಗೆ ಮಾತಾಡಿಕೊಳ್ಳುತ್ತಿರುತ್ತೇವೆ. ‘ಹಾಲು ತರಬೇಕಿತ್ತು’, ‘ಛೆ, ಹಾಗೆ ಹೇಳಬಾರದಿತ್ತು’. ಆ ಮಾತನ್ನು ಕಟ್ಟುವುದು ಎಡಗಡೆಯ ಮುಂಭಾಗದಲ್ಲಿರುವ ಬ್ರೋಕಾ ಪ್ರದೇಶ, ಗಟ್ಟಿಯಾಗಿ ಮಾತಾಡುವಾಗಲೂ ಅದೇ. ಅಲ್ಲಿಂದ ಕೇಳುವ ಭಾಗಕ್ಕೆ ‘ಇದು ನಮ್ಮದೇ’ ಎಂಬ ನಕಲು ಹೋಗುವುದರಿಂದ ಒಳಗಿನ ಮಾತು ನಮಗೆ ನಮ್ಮದೆಂದೇ ಗೊತ್ತಾಗುತ್ತದೆ. ಈ ನಕಲು ಸರಿಯಾಗಿ ತಲುಪದಿದ್ದರೆ? ಮಾತು ಹುಟ್ಟಿದ್ದು ಒಳಗೆ, ಕೇಳಿಸುವುದು ಬೇರೆಯವರದೆಂಬಂತೆ. ಕಿವಿಯ ಮಾತಿಗೆ ಇದೊಂದೇ ವಿವರಣೆ ಎಂದು ತಿಳಿಯಬೇಡಿ, ಎಲ್ಲ ಧ್ವನಿಗಳಿಗೂ ಇದು ಹೊಂದುವುದಿಲ್ಲ. ಆದರೆ ಇದಕ್ಕೆ ಪುರಾವೆಗಳು ಗಟ್ಟಿಯಾಗಿವೆ. ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ತಂತಿಗಳನ್ನು ತಲೆಗೆ ಹಚ್ಚಿ ಮಾತಾಡಿಸಿದರೆ, ಸಾಮಾನ್ಯ ಜನರಲ್ಲಿ ತಮ್ಮದೇ ಧ್ವನಿಗೆ ಮಿದುಳಿನ ಸ್ಪಂದನ ಕುಗ್ಗುತ್ತದೆ; ಈ ಕಾಯಿಲೆಯವರಲ್ಲಿ ಅಷ್ಟು ಕುಗ್ಗುವುದಿಲ್ಲ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ಕಚಗುಳಿ ಆಗುವುದಿಲ್ಲ, ಅದಕ್ಕೂ ಇದೇ ನಕಲು ಕಾರಣ. ಧ್ವನಿ ಕೇಳಿಸುವ ಕೆಲವರಿಗೆ ತಮ್ಮ ಕೈಯ ಸ್ಪರ್ಶವೂ ಬೇರೆಯವರ ಕೈಯಷ್ಟೇ ಕಚಗುಳಿ ಎನಿಸುತ್ತದೆ ಎಂದು ಲಂಡನ್ನಿನಲ್ಲಿ ತೋರಿಸಿದ್ದಾರೆ. ‘ನನ್ನ ಕೈಯನ್ನು ಯಾರೋ ಆಡಿಸುತ್ತಿದ್ದಾರೆ’ ಎನ್ನುವವರು ಇರುತ್ತಾರಲ್ಲ, ಆ ಅನುಭವದ ಬೇರೂ ಇಲ್ಲೇ ಎಲ್ಲೋ ಇದೆ.

ಧ್ವನಿ ಕೇಳುತ್ತಿರುವ ಹೊತ್ತಿನಲ್ಲೇ ಸ್ಕ್ಯಾನ್ ಮಾಡಿದ ಅಧ್ಯಯನಗಳಿವೆ. ರೋಗಿ ಸ್ಕ್ಯಾನರಿನೊಳಗೆ ಮಲಗಿ, ಧ್ವನಿ ಶುರುವಾದಾಗ ಗುಂಡಿ ಒತ್ತಿ, ನಿಂತಾಗ ಕೈಬಿಡಬೇಕು. ಆ ಹೊತ್ತಿನಲ್ಲಿ ಶಬ್ದ ಕೇಳುವ ಭಾಗವೇ, ಹೊರಗಿನಿಂದ ಸದ್ದು ಬಂದಾಗ ಎಚ್ಚೆತ್ತುಕೊಳ್ಳುವ ಅದೇ ಜಾಗ, ಕೆಲಸ ಮಾಡುತ್ತಿತ್ತು. ಆದ್ದರಿಂದ ಮಗ ‘ಅಮ್ಮಾ, ಬೈತಿದಾರೆ’ ಎಂದಾಗ ‘ಏನೂ ಇಲ್ಲ, ಸುಮ್ನಿರು, ನಿನಗೆ ಹಾಗನ್ಸುತ್ತೆ ಅಷ್ಟೆ’ ಎನ್ನಬೇಡಿ. ಅವನಿಗೆ ಅದು ಕೇಳಿಸಿದೆ. ‘ನಿನಗೆ ಕೇಳಿಸ್ತಿದೆ, ಗೊತ್ತು. ನನಗೆ ಕೇಳಿಸ್ತಿಲ್ಲ ಕಣಪ್ಪ. ತುಂಬಾ ಹೆದರಿಕೆ ಆಗ್ತಿದೆಯಾ?’ ಎಂದು ಕೇಳಿ. ಸುಳ್ಳೂ ಹೇಳಿದಂತಾಗಲಿಲ್ಲ, ಅವನನ್ನು ತಳ್ಳಿಹಾಕಿದಂತೆಯೂ ಆಗಲಿಲ್ಲ.

ಮಾತು ಕಟ್ಟುವ ಮತ್ತು ಮಾತು ಕೇಳುವ ಭಾಗಗಳಿಗೆ ಬೇರೆ ಕೆಲಸ ಕೊಟ್ಟರೆ ಕೆಲವರಲ್ಲಿ ಧ್ವನಿ ತಗ್ಗುತ್ತದೆ. ಹಾಡು ಗುನುಗುವುದು, ಪೇಪರನ್ನು ಗಟ್ಟಿಯಾಗಿ ಓದುವುದು, ಇಯರ್‌ಫೋನಿನಲ್ಲಿ ಗಮನವಿಟ್ಟು ಮಾತು ಕೇಳುವುದು, ಯಾರೊಂದಿಗಾದರೂ ಹರಟುವುದು. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸುವುದಿಲ್ಲ, ನಾಲ್ಕು ದಿನ ಒಂದೊಂದನ್ನೇ ಮಾಡಿ ನೋಡಬೇಕು. ಮಾತ್ರೆಗೂ ಜಗ್ಗದ ಧ್ವನಿಗಳಿಗೆ ನೆತ್ತಿಯ ಮೇಲಿನಿಂದ ಸಣ್ಣ ವಿದ್ಯುತ್ ಹಾಯಿಸುವ ಟಿಡಿಸಿಎಸ್ ಎಂಬ ವಿಧಾನವಿದೆ: 2 ಮಿಲಿಆಂಪಿಯರ್, ಒಂದು ಸಲಕ್ಕೆ 20 ನಿಮಿಷ, ದಿನಕ್ಕೆರಡು ಸಲ, ಐದು ದಿನ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಮೇಲೆ ಸಾಕಷ್ಟು ಕೆಲಸ ನಡೆದಿದೆ. ಎಚ್ಚರವಾಗಿದ್ದಾಗಲೇ ಕೊಡುತ್ತಾರೆ, ಚರ್ಮ ಸ್ವಲ್ಪ ಚುರುಗುಟ್ಟುತ್ತದೆ. ಜನ ‘ಕರೆಂಟು’ ಎಂದು ಹೆದರುವ ಇಸಿಟಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಸುಳ್ಳು ನಂಬಿಕೆಗಳಿಗೆ ಬರೋಣ. ಇದಕ್ಕೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕದ ಕಥೆ ತಿಳಿಯಬೇಕು. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜಾನ್ ಡಿಲೇ ಮತ್ತು ಪಿಯರ್ ಡೆನಿಕರ್, ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಬಳಸುತ್ತಿದ್ದ ಕ್ಲೋರ್‌ಪ್ರೋಮಜೀನ್ ಎಂಬ ಔಷಧವನ್ನು ಮಾನಸಿಕ ರೋಗಿಗಳಿಗೆ ಕೊಟ್ಟು ನೋಡಿದರು. ವರ್ಷಗಟ್ಟಲೆ ಕೂಗಾಡುತ್ತಿದ್ದವರು ಶಾಂತರಾದರು, ಭ್ರಮೆಗಳು ತಗ್ಗಿದವು. ಏಕೆ ಎಂದು ಆಗ ಗೊತ್ತಿರಲಿಲ್ಲ. 1963ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಈ ಔಷಧಗಳು ಡೋಪಮಿನ್‌ನಂಥ ರಾಸಾಯನಿಕಗಳಿಗೆ ಅಡ್ಡ ನಿಲ್ಲುತ್ತಿರಬೇಕು ಎಂದು ಸೂಚಿಸಿದರು. ಡೋಪಮಿನ್ ಕುರಿತ ಸಂಶೋಧನೆಗೆ 2000ದಲ್ಲಿ ಅವರಿಗೆ ನೊಬೆಲ್ ಬಂತು. 1970ರ ದಶಕದ ನಡುವೆ ಟೊರಾಂಟೊದ ಫಿಲಿಪ್ ಸೀಮನ್, ಒಂದೊಂದು ಔಷಧ ಡೋಪಮಿನ್ ಗ್ರಾಹಕಕ್ಕೆ, ಅಂದರೆ ನರಕೋಶದ ಮೇಲೆ ಡೋಪಮಿನ್ ಬಂದು ಕೂರುವ ಜಾಗಕ್ಕೆ, ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ಅಳೆದರು. ಹೆಚ್ಚು ಬಿಗಿಯಾಗಿ ಅಂಟುವ ಔಷಧದ ದಿನದ ಡೋಸ್ ಕಡಿಮೆ, ಸಡಿಲವಾಗಿ ಅಂಟುವುದರ ಡೋಸ್ ಹೆಚ್ಚು. ಎರಡೂ ಲೆಕ್ಕ ಕೂಡಿಬಂದವು.

ಡೋಪಮಿನ್ ಎಂದರೆ ಖುಷಿಯ ರಾಸಾಯನಿಕ ಎಂದು ಮೊಬೈಲಿನಲ್ಲಿ ಓದಿರುತ್ತೀರಿ. ಅದನ್ನು ಸ್ವಲ್ಪ ಬದಿಗಿಡಿ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಕೋಶಗಳ ಮಿಡಿತ ದಾಖಲಿಸಿದರು. ಎಣಿಸದೆ ಹಣ್ಣಿನ ರಸ ಸಿಕ್ಕಾಗ ಕೋಶಗಳು ಜೋರಾಗಿ ಮಿಡಿದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆ ಎಂದು ಕೋತಿ ಕಲಿತ ನಂತರ ದೀಪಕ್ಕೇ ಮಿಡಿದವು, ರಸ ಬಂದಾಗ ಸುಮ್ಮನಿದ್ದವು. ದೀಪ ಹೊತ್ತಿ ರಸ ಬಾರದಿದ್ದರೆ ಮಿಡಿತ ಕುಸಿಯಿತು. ಅಂದರೆ ಈ ಕೋಶಗಳ ಕೆಲಸ ‘ಇದು ಎಣಿಸಿರದದ್ದು, ಇದಕ್ಕೆ ಏನೋ ಅರ್ಥವಿದೆ, ಗಮನಿಸು’ ಎಂದು ಗಂಟೆ ಬಾರಿಸುವುದು.

ಈಗ ಆ ಗಂಟೆ ಕಾರಣವಿಲ್ಲದೆ ಬಾರಿಸುತ್ತಿದೆ ಎಂದುಕೊಳ್ಳಿ. ಎದುರು ಮನೆ ಮುಂದೆ ಒಂದು ಬೈಕ್ ನಿಂತಿದೆ. ದಿನವೂ ನಿಲ್ಲುವ ಬೈಕೇ. ಇವತ್ತು ಅದನ್ನು ನೋಡಿದ ಕೂಡಲೇ ಒಳಗೆ ಗಂಟೆ ಬಾರಿಸಿತು. ಬಸ್ಸಿನಲ್ಲಿ ಯಾರೋ ಕೆಮ್ಮಿದರು, ಗಂಟೆ. ಟೀವಿಯಲ್ಲಿ ವಾರ್ತೆ ಓದುವಾಕೆ ಕೆಂಪು ಸೀರೆ ಉಟ್ಟಿದ್ದಾಳೆ, ಮತ್ತೆ ಗಂಟೆ. ಏನೋ ನಡೆಯುತ್ತಿದೆ, ನನ್ನ ಸುತ್ತಲೇ ನಡೆಯುತ್ತಿದೆ, ಏನೆಂದು ಗೊತ್ತಾಗುತ್ತಿಲ್ಲ. ಈ ಸ್ಥಿತಿ ದಿನಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಹುಡುಗ ಮಂಕಾಗಿ, ಗಾಬರಿಯಾಗಿ ಕಾಣುತ್ತಾನೆ, ಕೇಳಿದರೆ ಹೇಳಲು ಬರುವುದಿಲ್ಲ. ಕೊನೆಗೊಂದು ದಿನ ಎಲ್ಲಕ್ಕೂ ಅರ್ಥ ಹೊಳೆಯುತ್ತದೆ: ‘ಅವರು ನನ್ನನ್ನು ಹಿಂಬಾಲಿಸುತ್ತಿದ್ದಾರೆ.’ ಸುಳ್ಳು ನಂಬಿಕೆ ಎಂದರೆ ಆ ಗಂಟೆಗಳಿಗೆಲ್ಲ ಮನಸ್ಸು ಕಂಡುಕೊಂಡ ವಿವರಣೆ. ದೆಹಲಿಯ ಏಮ್ಸ್‌ನಲ್ಲಿ ಓದಿ ಹೊರದೇಶದಲ್ಲಿ ಕೆಲಸ ಮಾಡಿದ ಶಿತಿಜ್ ಕಪೂರ್ 2003ರಲ್ಲಿ ಈ ವಿಚಾರವನ್ನು ಸ್ಪಷ್ಟವಾಗಿ ಮುಂದಿಟ್ಟರು. ಗಂಟೆ ಎಲ್ಲ ಕಡೆ ಒಂದೇ. ವಿವರಣೆ ಮಾತ್ರ ಆಯಾ ಊರಿನದು, ಆಯಾ ಕಾಲದದು. ಒಬ್ಬರಿಗೆ ಅದು ದಾಯಾದಿಗಳು ಮಾಡಿಸಿದ ಮಾಟ, ಇನ್ನೊಬ್ಬರಿಗೆ ಮೊಬೈಲಿನೊಳಗೆ ಕೂರಿಸಿದ ಕ್ಯಾಮೆರಾ.

ಮಿದುಳಿನೊಳಗಿನ ರಾಸಾಯನಿಕಗಳ ಕೆಲಸವನ್ನು ತೋರಿಸುವ ಪೆಟ್ ಸ್ಕ್ಯಾನ್‌ಗಳು ಇದಕ್ಕೆ ಒತ್ತಾಸೆ ಕೊಟ್ಟಿವೆ: ಈ ಕಾಯಿಲೆಯವರ ಮಿದುಳಿನ ಆಳದ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಡೋಪಮಿನ್ ತಯಾರಿ ಸರಾಸರಿಗಿಂತ ಹೆಚ್ಚು. ಪಾರ್ಕಿನ್ಸನ್ ಕಾಯಿಲೆಗೆ ಡೋಪಮಿನ್ ಹೆಚ್ಚಿಸುವ ಔಷಧ ಕೊಟ್ಟಾಗ ಕೆಲವು ಹಿರಿಯರಿಗೆ ಇಲ್ಲದ ಜನ ಕಾಣಿಸತೊಡಗುವುದನ್ನು, ಆಂಫೆಟಮಿನ್ ಎಂಬ ಉತ್ತೇಜಕ ಮಾದಕವಸ್ತುವಿನ ಚಟ ಹಿಡಿದವರಿಗೆ ವಿಪರೀತ ಸಂಶಯ ಬರುವುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ.

ಇದು ಗೊತ್ತಾದರೆ ವಾದ ಏಕೆ ಸೋಲುತ್ತದೆ ಎಂಬುದೂ ಗೊತ್ತಾಗುತ್ತದೆ. ‘ಆ ಬೈಕ್ ರಾಯರ ಮಗನದು, ಬಾ ತೋರಿಸ್ತೀನಿ’ ಎಂದು ಸಾಬೀತು ಮಾಡಿದರೂ ಗಂಟೆ ನಿಲ್ಲುವುದಿಲ್ಲ. ರಾಯರ ಮಗನೂ ಅವರ ಕಡೆಯವನೇ ಆಗಿಬಿಡುತ್ತಾನೆ. ಈಗ ನೀವೂ ಅನುಮಾನಕ್ಕೆ ಗುರಿ. ನಂಬಿಕೆಯನ್ನು ಬಿಟ್ಟು ಅದರ ಹಿಂದಿನ ಭಯದ ಬಗ್ಗೆ, ನಿದ್ದೆಯ ಬಗ್ಗೆ ಮಾತಾಡಿ.

ಮಾತ್ರೆ ಏನು ಮಾಡುತ್ತದೆ? ಮದುವೆ ಊಟದ ಪಂಕ್ತಿ ಕಲ್ಪಿಸಿಕೊಳ್ಳಿ. ಎಲೆ ಹಾಕಿದ ಜಾಗಗಳು ಡಿ2 ಎಂಬ ಗ್ರಾಹಕಗಳು, ಊಟಕ್ಕೆ ಬರುವ ನೆಂಟರು ಡೋಪಮಿನ್. ಮಾತ್ರೆಯ ಕಣ ಬಂದು ಎಲೆಯ ಮುಂದೆ ಕೂರುತ್ತದೆ, ಊಟ ಮಾಡುವುದಿಲ್ಲ, ನೆಂಟರಿಗೆ ಜಾಗವನ್ನೂ ಬಿಡುವುದಿಲ್ಲ. ಎಷ್ಟು ಜಾಗ ಹಿಡಿದರೆ ಸಾಕು? ಹೆಚ್ಚಿನ ಔಷಧಗಳಲ್ಲಿ ಶೇ 65ರಷ್ಟು ಜಾಗ ತುಂಬಿದಾಗ ಧ್ವನಿ, ಸಂಶಯ ತಗ್ಗಲು ಶುರು. ಶೇ 80ರ ಹತ್ತಿರ ಹೋದರೆ ಕೈಕಾಲು ಬಿಗಿತ, ನಡುಕ. ನಡುವಿನ ಕಿಂಡಿ ಎಷ್ಟು ಕಿರಿದು ನೋಡಿ. ಹ್ಯಾಲೊಪೆರಿಡಾಲ್ ಎಂಬ ಔಷಧವನ್ನು ದಿನಕ್ಕೆ 2 ಮಿಲಿಗ್ರಾಂ ಕೊಟ್ಟರೇ ಅರ್ಧಕ್ಕಿಂತ ಹೆಚ್ಚು ಜಾಗ ಭರ್ತಿಯಾಗುತ್ತದೆ. ಆದ್ದರಿಂದ ‘ಇನ್ನೂ ಪೂರ್ತಿ ಹೋಗಿಲ್ಲ, ಇನ್ನೊಂದು ಮಾತ್ರೆ ಸೇರಿಸಿಬಿಡೋಣ’ ಎಂದು ಮನೆಯಲ್ಲೇ ನಿರ್ಧರಿಸಿದರೆ ಉಪಯೋಗಕ್ಕಿಂತ ಅಡ್ಡಪರಿಣಾಮವೇ ಹೆಚ್ಚುವ ಸಂಭವ.

ಡೋಪಮಿನ್ ಬಳಸುವ ದಾರಿ ಒಂದೇ ಅಲ್ಲ, ಮಾತ್ರೆಗೆ ದಾರಿ ಆರಿಸಿಕೊಳ್ಳಲು ಬರುವುದಿಲ್ಲ. ಚಲನೆ ನಿಯಂತ್ರಿಸುವ ದಾರಿಯಲ್ಲಿ ಕುಳಿತರೆ ಬಿಗಿತ, ನಡುಕ, ಜೊಲ್ಲು. ಪಿಟ್ಯುಟರಿ ಗ್ರಂಥಿಯ ದಾರಿಯಲ್ಲಿ ಕುಳಿತರೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರಿ ಮುಟ್ಟು ನಿಲ್ಲಬಹುದು, ಎದೆಹಾಲು ಬರಬಹುದು. ಮಗಳು ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ, ಅಮ್ಮಂದಿರೇ ಕೇಳಬೇಕು.

ಇಲ್ಲಿ ಎರಡು ಸಂಗತಿಗಳನ್ನು ವಿವರವಾಗಿ ಹೇಳಲೇಬೇಕು. ಇವುಗಳಿಂದ ಮಾತ್ರೆ ಬಿಟ್ಟವರು ಬಹಳ. ಚಿಕಿತ್ಸೆ ಶುರುವಾದ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಹದಿಹರೆಯದ ಹುಡುಗರಲ್ಲಿ, ಕುತ್ತಿಗೆ ಒಂದು ಕಡೆಗೆ ಸೆಟೆದುಕೊಳ್ಳಬಹುದು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ನಿಲ್ಲಬಹುದು, ನಾಲಿಗೆ ತಿರುಚಿಕೊಳ್ಳಬಹುದು. ನೋಡಿದವರು ದೆವ್ವ ಮೆಟ್ಟಿಕೊಂಡಿತು ಎಂದು ಹೌಹಾರುತ್ತಾರೆ. ಇದು ಔಷಧದ ಪರಿಣಾಮ. ಆಸ್ಪತ್ರೆಗೆ ಕರೆದೊಯ್ದು, ಯಾವ ಮಾತ್ರೆ ಕೊಡುತ್ತಿದ್ದೀರಿ ಎಂದು ಚೀಟಿ ತೋರಿಸಿದರೆ ಒಂದು ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಾಗುತ್ತದೆ. ಎರಡನೆಯದು ಇನ್ನೂ ಮೋಸ ಮಾಡುವಂಥದು: ಕೂತಲ್ಲಿ ಕೂರಲಾಗದ ಚಡಪಡಿಕೆ. ನಿಂತರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇರುತ್ತಾರೆ, ರಾತ್ರಿಯೆಲ್ಲ ವರಾಂಡದಲ್ಲಿ ಓಡಾಡುತ್ತಾರೆ. ಮನೆಯವರು ಡಾಕ್ಟರಿಗೆ ‘ಕಾಯಿಲೆ ಜಾಸ್ತಿಯಾಗಿದೆ’ ಎನ್ನುತ್ತಾರೆ, ಡೋಸ್ ಏರುತ್ತದೆ, ಚಡಪಡಿಕೆಯೂ ಏರುತ್ತದೆ. ಹಾಗಾಗಿ ಒಂದು ಪ್ರಶ್ನೆ ಕೇಳಿ: ‘ಮನಸ್ಸು ಓಡಾಡು ಅಂತಿದೆಯಾ, ಕಾಲು ಓಡಾಡು ಅಂತಿದೆಯಾ?’ ಕಾಲು ಎಂದರೆ ಅದೇ ಮಾತನ್ನು ಡಾಕ್ಟರಿಗೆ ಮುಟ್ಟಿಸಿ. ಡೋಸ್ ಇಳಿಸುವುದು, ಮಾತ್ರೆ ಬದಲಿಸುವುದು, ಪ್ರೊಪ್ರನಲಾಲ್ ಸೇರಿಸುವುದು, ಹೀಗೆ ದಾರಿಗಳಿವೆ.

ಇನ್ನೊಂದು ವಿಷಯ. ಮಾತ್ರೆ ಗ್ರಾಹಕಕ್ಕೆ ಅಂಟುವುದು ಕೆಲವೇ ಗಂಟೆಗಳಲ್ಲಿ. ಒಳಗೆ ಬಾರಿಸುವ ಆ ಗಂಟೆಯ ಸದ್ದು ದಿನಗಳಲ್ಲಿ ತಗ್ಗುತ್ತದೆ. ಆದರೆ ಈಗಾಗಲೇ ಕಟ್ಟಿಕೊಂಡ ನಂಬಿಕೆ ಕರಗಲು ವಾರಗಳು ಬೇಕು. ಅದಕ್ಕೇ ‘ಈಗ ಅವರು ಹಿಂದೆ ಬರ್ತಿಲ್ಲ. ಆದ್ರೆ ಆಗ ಬರ್ತಿದ್ದದ್ದು ನಿಜ’ ಎನ್ನುತ್ತಾರೆ. ಅದು ಗುಣವಾಗುತ್ತಿರುವ ಲಕ್ಷಣವೇ.

ಇನ್ನು ನೆಗೆಟಿವ್ ಲಕ್ಷಣಗಳು. ಮನೆಗಳಲ್ಲಿ ಅತಿ ಹೆಚ್ಚು ಕಣ್ಣೀರು ಇದರಿಂದಲೇ. ಧ್ವನಿ ನಿಂತಿದೆ, ಸಂಶಯ ಹೋಗಿದೆ, ಆದರೂ ಹನ್ನೊಂದು ಗಂಟೆಯಾದರೂ ಏಳುವುದಿಲ್ಲ, ಸ್ನಾನವಿಲ್ಲ. ‘ಹುಷಾರಾಗಿದ್ದಾನೆ, ಈಗ ಸೋಮಾರಿ ಆಗಿದ್ದಾನೆ’ ಎನ್ನುತ್ತಾರೆ ಅಪ್ಪ.

ಸಂತೋಷದಲ್ಲಿ ಎರಡು ಭಾಗಗಳಿವೆ. ಬರಲಿರುವುದನ್ನು ನೆನೆದು ಮನಸ್ಸು ಮುಂದಕ್ಕೆ ಜಿಗಿಯುವುದು ಒಂದು, ಕೈಗೆ ಬಂದಾಗ ಅನುಭವಿಸುವುದು ಇನ್ನೊಂದು. ಈ ಕಾಯಿಲೆಯಲ್ಲಿ ಹೆಚ್ಚು ಪೆಟ್ಟು ಬೀಳುವುದು ಮೊದಲನೆಯದಕ್ಕೆ. ಬಹುಮಾನ ಬರಲಿದೆ ಎಂಬ ಸೂಚನೆ ಕೊಟ್ಟಾಗ ಮಿದುಳಿನ ಆಳದಲ್ಲಿ ಎಚ್ಚೆತ್ತುಕೊಳ್ಳಬೇಕಾದ ಭಾಗ ಇವರಲ್ಲಿ ಅಷ್ಟಾಗಿ ಏಳುವುದಿಲ್ಲ. ಎದುರಿಗೆ ಬಿಸಿ ಮಸಾಲೆ ದೋಸೆ ತಂದಿಟ್ಟರೆ ಚಪ್ಪರಿಸಿ ತಿನ್ನುತ್ತಾರೆ. ‘ಹೋಗಿ ದೋಸೆ ತಿಂದು ಬರೋಣ’ ಎಂದು ಎದ್ದು ಅಂಗಿ ಹಾಕಿಕೊಳ್ಳಲು ಬೇಕಾದ ತಳ್ಳು ಒಳಗಿನಿಂದ ಬರುವುದಿಲ್ಲ. ಅಪ್ಪನಿಗೆ ಕಾಣುವುದು ತಿನ್ನುವುದಕ್ಕೆ ಮಾತ್ರ ಮುಂದೆ ಬರುವ ಮಗ. ಆದ್ದರಿಂದ ಇದನ್ನು ಬೈಗುಳದಿಂದ ಸರಿಪಡಿಸಲಾಗದು. ಡೋಪಮಿನ್ ತಡೆಯುವ ಮಾತ್ರೆಯೂ ಇದಕ್ಕೆ ಹೆಚ್ಚೇನೂ ಮಾಡದು. ಡೋಸ್ ಅತಿಯಾದರೆ ಹೆಚ್ಚಿಸಲೂಬಹುದು. ಖಿನ್ನತೆಯೂ ಹೀಗೇ ಕಾಣುತ್ತದೆ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಹಾಗಾಗಿ ‘ಸುಮ್ಮನೆ ಮಲಗಿರ್ತಾನೆ’ ಎಂಬುದನ್ನು ಡಾಕ್ಟರಿಗೆ ಹೇಳಲೇಬೇಕು.

ಒಳಗಿನ ತಳ್ಳು ಇಲ್ಲದಾಗ ಹೊರಗಿನಿಂದ ಮೆಲ್ಲಗೆ ಕೊಡಬೇಕಾಗುತ್ತದೆ. ‘ಸ್ನಾನ ಮಾಡು’ ಎಂಬುದು ದೊಡ್ಡ ಆಜ್ಞೆ. ಬಿಸಿನೀರು ತೋಡಿ, ಟವೆಲು ಕೈಗೆ ಕೊಟ್ಟು, ‘ನೀರು ಕಾದಿದೆ ಬಾ’ ಎನ್ನುವುದು ಸಣ್ಣ ಹೆಜ್ಜೆ. ಒಂದೇ ಹೊತ್ತಿಗೆ, ದಿನವೂ. ಹೂ ಕಟ್ಟುವುದೋ, ಹಸುವಿಗೆ ಹುಲ್ಲು ಹಾಕುವುದೋ, ಪಕ್ಕದಲ್ಲಿ ನೀವೂ ಕುಳಿತು ಮಾಡಿ. ಮೊದಲ ವಾರ ಹತ್ತು ನಿಮಿಷ ಸಾಕು.

ಮೂರನೆಯ ಗಂಟು, ಯೋಚನಾಶಕ್ತಿ. ಫೋನ್ ನಂಬರನ್ನು ಕೇಳಿ, ಒತ್ತುವವರೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುತ್ತೀರಲ್ಲ, ಆ ಕೆಲಸ ಹಣೆಯ ಹಿಂದಿನ ಭಾಗದ್ದು. ಅಲ್ಲಿನ ನರಕೋಶಗಳು ಒಂದೇ ತಾಳಕ್ಕೆ, ಸೆಕೆಂಡಿಗೆ ಸುಮಾರು 40 ಸಲ ಮಿಡಿದರೆ ಮಾಹಿತಿ ಅಲ್ಲಾಡದೆ ನಿಲ್ಲುತ್ತದೆ. ತಾಳ ಹಾಕುವವು ಗಾಬಾ ಎಂಬ ರಾಸಾಯನಿಕ ಸುರಿಸುವ ಪುಟ್ಟ ಕೋಶಗಳು. ತೀರಿಕೊಂಡವರ ಮಿದುಳುಗಳನ್ನು ಪರೀಕ್ಷಿಸಿದಾಗ, ಈ ಕೋಶಗಳಲ್ಲಿ ಗಾಬಾ ತಯಾರಿಸುವ ಕಿಣ್ವ ಕಡಿಮೆ ಇರುವುದು ಮತ್ತೆ ಮತ್ತೆ ಕಂಡಿದೆ. ಹೀಗಾಗಿ ‘ಅಂಗಡಿಗೆ ಹೋಗಿ ಅರ್ಧ ಲೀಟರ್ ಹಾಲು, ಕಾಲು ಕೆಜಿ ಸಕ್ಕರೆ ತಗೊಂಡು, ಬರುವಾಗ ಕರೆಂಟ್ ಬಿಲ್ ಕಟ್ಟಿ ಬಾ’ ಎಂದರೆ ಹಾಲು ಮಾತ್ರ ಬರುತ್ತದೆ. ಚೀಟಿ ಬರೆದುಕೊಡಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಕಾಲೇಜಿಗೆ ಮರಳುವ ಮಗುವಿಗೆ ಎಲ್ಲ ವಿಷಯಗಳ ಬದಲು ಎರಡರಿಂದ ಶುರು ಮಾಡಿಸಿ.

ಡೋಪಮಿನ್ ಒಂದೇ ಅಪರಾಧಿಯಾಗಿದ್ದರೆ ಮಾತ್ರೆಯಿಂದ ಈ ಮೂರೂ ಹೋಗಬೇಕಿತ್ತು. ಹೋಗುವುದಿಲ್ಲ. ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದತ್ತ ಸಂಶೋಧಕರು ತಿರುಗಿದ್ದು ಇದರಿಂದ. ಅರಿವಳಿಕೆಗೆ ಬಳಸುವ ಕೆಟಮಿನ್ ಔಷಧ ಗ್ಲುಟಮೇಟ್‌ನ ಎನ್‌ಎಂಡಿಎ ಗ್ರಾಹಕವನ್ನು ಮುಚ್ಚುತ್ತದೆ. 1994ರಲ್ಲಿ ಆರೋಗ್ಯವಂತರಿಗೆ ಇದನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಸ್ವಲ್ಪ ಹೊತ್ತು ಸಂಶಯ, ಭಾವ ಬತ್ತುವಿಕೆ, ಯೋಚನೆಯ ಗೊಂದಲ ಮೂರೂ ಬಂದವು. 2007ರಲ್ಲಿ ಇದೇ ಗ್ರಾಹಕದ ಮೇಲೆ ದೇಹದ ರೋಗನಿರೋಧಕ ಶಕ್ತಿಯೇ ದಾಳಿ ಮಾಡುವ ಒಂದು ಉರಿಯೂತವನ್ನು ವಿವರಿಸಿದರು. ಹೆಚ್ಚಾಗಿ ಎಳೆ ಪ್ರಾಯದ ಹೆಣ್ಣುಮಕ್ಕಳಲ್ಲಿ, ಆರಂಭದಲ್ಲಿ ಥೇಟ್ ಮಾನಸಿಕ ಕಾಯಿಲೆಯಂತೆ. ಕೆಲವೇ ದಿನಗಳಲ್ಲಿ ಶುರುವಾಗಿ, ಜೊತೆಗೆ ಫಿಟ್ಸ್, ಜ್ವರ, ಬಾಯಿ-ಮುಖದ ವಿಚಿತ್ರ ಚಲನೆ ಇದ್ದರೆ ತಡಮಾಡದೆ ನರರೋಗ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಹೋಗಿ. ಬೆನ್ನುನೀರಿನ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಚಿಕಿತ್ಸೆಯೇ ಬೇರೆ.

‘ಹದಿನೆಂಟರವರೆಗೆ ಚೆನ್ನಾಗಿಯೇ ಇದ್ದ’ ಎಂಬುದು ಎಲ್ಲ ತಾಯಂದಿರ ಮಾತು. ಹುಟ್ಟಿದ ಮಗುವಿನ ಮಿದುಳು ಬೇಕಾದ್ದಕ್ಕಿಂತ ಹೆಚ್ಚು ನರಸಂಪರ್ಕಗಳನ್ನು ಬೆಳೆಸಿಕೊಳ್ಳುತ್ತದೆ. ಹದಿಹರೆಯದಲ್ಲಿ, ವಿಶೇಷವಾಗಿ ಹಣೆಯ ಭಾಗದಲ್ಲಿ, ತೋಟದವರು ಗಿಡ ಸವರುವ ಹಾಗೆ ಅನಗತ್ಯ ಸಂಪರ್ಕಗಳು ಕಡಿದುಹೋಗುತ್ತವೆ. ಈ ಸವರುವಿಕೆ ಮಿತಿಮೀರುತ್ತದೆಯೇ ಎಂಬ ಶಂಕೆ 1980ರ ದಶಕದಿಂದ ಇತ್ತು. 2016ರಲ್ಲಿ ಸಿ4 ಎಂಬ ಜೀನ್‌ನ ಕೆಲವು ರೂಪಗಳು ಕಾಯಿಲೆಯ ಸಾಧ್ಯತೆಯನ್ನು ಹೆಚ್ಚಿಸುತ್ತವೆ, ಇಲಿಗಳಲ್ಲಿ ಅದೇ ಜೀನ್ ಈ ಕಡಿಯುವ ಕೆಲಸದಲ್ಲಿ ಪಾಲುಗೊಳ್ಳುತ್ತದೆ ಎಂದು ಅಮೆರಿಕದ ಸಂಶೋಧಕರು ತೋರಿಸಿದರು. ಆದರೆ ಜೀನ್ ಒಂದಲ್ಲ. 2022ರ ದೊಡ್ಡ ಅಧ್ಯಯನದಲ್ಲಿ 287 ತಾಣಗಳು ಸಿಕ್ಕವು, ಒಂದೊಂದರ ಪ್ರಭಾವವೂ ಚಿಕ್ಕದು. ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 10. ಬರದಿರುವ ಸಾಧ್ಯತೆ 90 ಎಂದೂ ಓದಿಕೊಳ್ಳಿ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವುದು ನೂರಕ್ಕೆ 50ರೊಳಗೆ. ಉಳಿದ ಕಾರಣಗಳಲ್ಲಿ ಗರ್ಭದಲ್ಲಿದ್ದಾಗಿನ ಪೋಷಣೆಯ ಕೊರತೆ, ಹದಿಹರೆಯದ ಗಾಂಜಾ ಸೇರಿವೆ. ತಾಯಿ ಬೆಳೆಸಿದ ರೀತಿಯಿಂದ ಈ ಕಾಯಿಲೆ ಬರುತ್ತದೆ ಎಂದು ಒಂದು ಕಾಲದಲ್ಲಿ ಡಾಕ್ಟರುಗಳೇ ಹೇಳುತ್ತಿದ್ದರು. ಅದು ತಪ್ಪು. ಇಲ್ಲಿ ಕುಳಿತಿರುವ ತಾಯಂದಿರು ಆ ಭಾರವನ್ನು ಹೊರಬೇಕಾಗಿಲ್ಲ.

ಎರಡು ಬೇರೆ ಬೇರೆ ಮಾತ್ರೆಗಳನ್ನು ಸರಿಯಾದ ಡೋಸ್‌ನಲ್ಲಿ, ತಲಾ ಆರು ವಾರವಾದರೂ ಕೊಟ್ಟು ಫಲ ಕಾಣದಿದ್ದರೆ ಕ್ಲೋಜಪಿನ್ ಎಂಬ ಔಷಧದ ಬಗ್ಗೆ ಕೇಳಿ. ಡಿ2 ಜಾಗಗಳನ್ನು ಇದು ಅಷ್ಟಾಗಿ ಹಿಡಿಯುವುದಿಲ್ಲ, ಆದರೂ ಬೇರೆಯವು ಸೋತಲ್ಲಿ ಕೆಲಸ ಮಾಡುತ್ತದೆ. ಏಕೆಂಬುದು ಇನ್ನೂ ಪೂರ್ತಿ ಬಿಡಿಸದ ಗಂಟು. ಕೆಲವರಲ್ಲಿ ಬಿಳಿ ರಕ್ತಕಣ ಅಪಾಯಕಾರಿಯಾಗಿ ಇಳಿಯುವುದರಿಂದ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ. ಜ್ವರ, ಗಂಟಲುನೋವು ಬಂದರೆ ಅದೇ ದಿನ ಪರೀಕ್ಷೆ. 48 ಗಂಟೆಗಿಂತ ಹೆಚ್ಚು ಹೊತ್ತು ಮಾತ್ರೆ ತಪ್ಪಿದರೆ ಹಳೇ ಡೋಸ್ ನುಂಗಬಾರದು, ಡಾಕ್ಟರ ಸಲಹೆಯಲ್ಲಿ 12.5 ಮಿಲಿಗ್ರಾಂನಿಂದ ಮತ್ತೆ ಏರಿಸಬೇಕು. ಮಲಬದ್ಧತೆಯನ್ನು ಹಗುರವಾಗಿ ಕಾಣಬೇಡಿ, ಕರುಳೇ ನಿಂತುಹೋದ ಪ್ರಸಂಗಗಳಿವೆ. ಸಿಗರೇಟ್, ಬೀಡಿ ಒಮ್ಮೆಲೇ ಬಿಟ್ಟರೆ ರಕ್ತದಲ್ಲಿ ಈ ಔಷಧದ ಮಟ್ಟ ಏರುತ್ತದೆ. ಬಿಡುವುದು ಒಳ್ಳೆಯದೇ, ಡಾಕ್ಟರಿಗೆ ಹೇಳಿ ಬಿಡಿ. ಡೋಪಮಿನ್ ಗ್ರಾಹಕವನ್ನು ನೇರವಾಗಿ ಮುಟ್ಟದೆ ಬೇರೆ ದಾರಿಯಿಂದ ಕೆಲಸ ಮಾಡುವ ಜನೊಮೆಲಿನ್-ಟ್ರೋಸ್ಪಿಯಂ ಎಂಬ ಜೋಡಿ ಔಷಧಕ್ಕೆ 2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ.

ಕೊನೆಯದಾಗಿ, ಮಾತ್ರೆ ನಿಲ್ಲಿಸುವ ವಿಷಯ. ‘ಒಂದು ತಿಂಗಳಾಯ್ತು ಬಿಟ್ಟು, ಏನೂ ಆಗಿಲ್ಲ, ಮೊದಲಿಗಿಂತ ಚುರುಕಾಗಿದ್ದಾನೆ’ ಎನ್ನುತ್ತಾರೆ. ಚುರುಕಾಗುವುದು ನಿಜ, ಬಿಗಿತ ಮತ್ತು ಮಂಪರು ಮೊದಲು ಇಳಿಯುತ್ತವೆ. ಗಂಟೆ ಮತ್ತೆ ಬಾರಿಸತೊಡಗಲು ವಾರಗಳೋ ತಿಂಗಳುಗಳೋ ಬೇಕಾಗುತ್ತವೆ. ಅಷ್ಟರಲ್ಲಿ ಬಿಟ್ಟದ್ದಕ್ಕೂ ಮರುಕಳಿಸಿದ್ದಕ್ಕೂ ಇರುವ ನಂಟು ಮರೆತುಹೋಗಿರುತ್ತದೆ. ಹತ್ತಾರು ಅಧ್ಯಯನಗಳನ್ನು ಒಟ್ಟುಮಾಡಿದ 2012ರ ಲೆಕ್ಕದಲ್ಲಿ, ಒಂದು ವರ್ಷದೊಳಗೆ ಮಾತ್ರೆ ಮುಂದುವರಿಸಿದವರಲ್ಲಿ ಶೇ 27, ನಿಲ್ಲಿಸಿದವರಲ್ಲಿ ಶೇ 64 ಮಂದಿಗೆ ಕಾಯಿಲೆ ಮರುಕಳಿಸಿತ್ತು. ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ರೋಗಿಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಚಿಕಿತ್ಸೆ ಬಿಡದೆ ಪಡೆದವರು ದಿನದ ಕೆಲಸಗಳನ್ನು ಹೆಚ್ಚು ಚೆನ್ನಾಗಿ ನಿಭಾಯಿಸುತ್ತಿದ್ದರು. ದಿನವೂ ನುಂಗಲು ಆಗದವರಿಗೆ ಎರಡು ವಾರ ಅಥವಾ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ.

ಮರುಕಳಿಸುವ ಮುನ್ಸೂಚನೆ ಒಬ್ಬೊಬ್ಬರದು ಒಂದೊಂದು ಬಗೆ, ಆದರೆ ಅದೇ ವ್ಯಕ್ತಿಯಲ್ಲಿ ಹೆಚ್ಚಾಗಿ ಅದೇ ಕ್ರಮದಲ್ಲಿ ಬರುತ್ತದೆ. ಒಬ್ಬರು ಕಿಟಕಿ ಮುಚ್ಚತೊಡಗುತ್ತಾರೆ, ಒಬ್ಬರು ಫೋನ್ ಸ್ವಿಚ್ ಆಫ್ ಮಾಡುತ್ತಾರೆ, ಒಬ್ಬರು ಮನೆಯವರ ಕೈಯ ಊಟ ಬಿಟ್ಟು ಹಣ್ಣು ಮಾತ್ರ ತಿನ್ನುತ್ತಾರೆ. ಬಹಳ ಜನರಲ್ಲಿ ಇವೆಲ್ಲಕ್ಕಿಂತ ಮುಂಚೆ ಕೆಡುವುದು ನಿದ್ದೆ. ಕಳೆದ ಸಲ ಏನೇನು ಯಾವ ಕ್ರಮದಲ್ಲಿ ಬಂತು ಎಂದು, ಅವರು ಹುಷಾರಾಗಿರುವಾಗಲೇ ಅವರ ಜೊತೆ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ. ಕೆಳಗೆ ಡಾಕ್ಟರ ನಂಬರು, ಈಗಿನ ಮಾತ್ರೆಗಳ ಹೆಸರು ಮತ್ತು ಡೋಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಇರಲಿ. ಅದು ಉಚಿತ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಹಾಳೆಯನ್ನು ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿ. ಸತತ ಎರಡು ರಾತ್ರಿ ನಿದ್ದೆ ಕೆಟ್ಟರೆ, ಮೂರನೆಯ ರಾತ್ರಿಗೆ ಕಾಯದೆ ಫೋನ್ ಮಾಡಿ.